ಸುಕ್ಕಾದ ಮಿಡಿಯಿಂದ ಶುರುವಾದ ಬ್ಲಾಗು

"ಅಕ್ಕಾ, ಮಿಡಿ ಎಲ್ಲ ಸುಕ್ಕಾಗಿದೆ. ಹಳೇ ಮಾಲು ಕಳ್ಸಿದೀರಾ?"

ಬೆಂಗಳೂರಿನಿಂದ ಬಂದ ಫೋನು. ಒಲೆ ಮೇಲೆ ಉಪ್ಪುನೀರು ಕುದಿಯುತ್ತಿತ್ತು. ಸೌಟು ಹಿಡಿದುಕೊಂಡೇ ಹೇಳಿದೆ, ಅಪ್ಪೆಮಿಡಿ (ಉಪ್ಪಿನಕಾಯಿಗೆ ಹಾಕುವ ಪರಿಮಳದ ಎಳೇ ಮಾವಿನಕಾಯಿ) ಸುಕ್ಕಾಗಲೇಬೇಕು, ಉಪ್ಪು ಅದರೊಳಗಿನ ನೀರನ್ನೆಲ್ಲ ಎಳೆದುಕೊಳ್ಳುತ್ತದೆ, ಹಾಗಾದರೇ ಅದು ಬಾಳಿಕೆ ಬರುವುದು ಎಂದು. ಆ ವಾರ ಇದೇ ಮಾತನ್ನು ಐದು ಜನರಿಗೆ ಹೇಳಿದ್ದೆ. ಐದನೇ ಫೋನು ಇಟ್ಟ ಮೇಲೆ ಕೂತು ಬರೆದೆ. ಅದೇ ನನ್ನ ಮೊದಲ ಬ್ಲಾಗ್ ಬರಹ.

ಶಿರಸಿ ಹತ್ತಿರದ ಹಳ್ಳಿಯಲ್ಲಿ ಉಪ್ಪಿನಕಾಯಿ ಮಾಡಿ ಮಾರುವವಳು ನಾನು. "ಬ್ಲಾಗಿನಲ್ಲಿ ಏನು ಬರೆಯೋದು?" ಎಂದು ಯಾರಾದರೂ ಕೇಳಿದರೆ, ಗಿರಾಕಿ ಮೂರು ಸಲ ಕೇಳಿದ್ದನ್ನು ಬರೆಯಿರಿ ಅಂತೀನಿ. ಫೋನಿನ ಪಕ್ಕ ಒಂದು ನೋಟುಬುಕ್ಕು ಇಡಿ. ಅವರ ಬಾಯಲ್ಲಿ ಬಂದ ಹಾಗೇ ಗೀಚಿಕೊಳ್ಳಿ. ತಲೆಬರಹಕ್ಕೂ ಅದೇ ಸಾಕು. ನಾನು ಮೊದಲು 'ಮಲೆನಾಡಿನ ರುಚಿವೈಭವ' ಅಂತ ಇಟ್ಟಿದ್ದೆ. ಗೂಗಲ್‌ನಲ್ಲಿ ಯಾರು ಹಾಗೆ ಹುಡುಕುತ್ತಾರೆ, ಹೇಳಿ! ಆಮೇಲೆ 'ಅಪ್ಪೆಮಿಡಿ ಉಪ್ಪಿನಕಾಯಿ ಸುಕ್ಕಾಗೋದು ಯಾಕೆ?' ಎಂದು ಬದಲಾಯಿಸಿದೆ.

ಬರಹದೊಳಗೆ ಕೈಯಾರೆ ಮಾಡಿದವರಿಗಷ್ಟೇ ಗೊತ್ತಿರುವುದನ್ನು ಹಾಕಿ. ಮಿಡಿಯನ್ನು ಮರದಿಂದ ಬಡಿದು ಬೀಳಿಸಬಾರದು, ಪೆಟ್ಟಾದದ್ದು ಮೆತ್ತಗಾಗುತ್ತದೆ. ತೊಟ್ಟು ಉಳಿಸಿಕೊಂಡೇ ಕೊಯ್ಯಬೇಕು, ಇಲ್ಲದಿದ್ದರೆ ಸೊನೆ ಸೋರಿಹೋಗುತ್ತದೆ. ಪರಿಮಳ ಇರುವುದೇ ಸೊನೆಯಲ್ಲಿ ಅಲ್ವಾ? ಇಷ್ಟು ಬರೆದು ಎರಡು ಫೋಟೊ ಹಾಕಿದೆ. ಹರಳುಪ್ಪು ಹಾಕಿದ ದಿನ ಒಂದು, 15 ದಿನ ಬಿಟ್ಟು ಅದೇ ಭರಣಿಯದು ಇನ್ನೊಂದು. ಮೊದಲನೆಯದರಲ್ಲಿ ಮಿಡಿ ಹಸಿರಾಗಿ ಉಬ್ಬಿಕೊಂಡಿದೆ, ಎರಡನೆಯದರಲ್ಲಿ ಅಜ್ಜಿಯ ಬೆರಳಿನ ಹಾಗೆ ಸುಕ್ಕು. ಕಿಟಕಿ ಪಕ್ಕ ಇಟ್ಟು ಮೊಬೈಲಿನಲ್ಲೇ ತೆಗೆದದ್ದು. ತೂಕ, ಬೆಲೆ, ಫೋನ್ ನಂಬರು ಎಲ್ಲ ಕೊನೆಯಲ್ಲಿ ಎರಡೇ ಸಾಲು. ಈಗ ಯಾರಾದರೂ ಸುಕ್ಕಿನ ಮಾತೆತ್ತಿದರೆ ಲಿಂಕ್ ಕಳಿಸಿ ಸುಮ್ನಾಗುತ್ತೇನೆ.

ವಾಟ್ಸಾಪ್ ಸ್ಟೇಟಸ್ 24 ಗಂಟೆಗೆ ಮಾಯ. ಒಂದು ಜಾಲತಾಣದಲ್ಲಿದ್ದ ನನ್ನ ಪೇಜಂತೂ ಕಾರಣವನ್ನೇ ಹೇಳದೆ ಬಂದಾಯಿತು, ಮೂರು ವರ್ಷದ ಫೋಟೊಗಳೂ ಹೋದವು. ಅದಕ್ಕೇ ಬ್ಲಾಗಿನ ಬ್ಯಾಕಪ್ ಅನ್ನು ತಿಂಗಳಿಗೊಮ್ಮೆ ಇಳಿಸಿಕೊಳ್ಳಿ. ಶುರುಮಾಡಲು ದುಡ್ಡು ಬೇಡ, ಗೂಗಲ್‌ನ ಬ್ಲಾಗರ್ ಪುಕ್ಕಟೆ. ಮುಂದೆ ಡೊಮೈನ್ (ಸೈಟಿನ ಸ್ವಂತ ವಿಳಾಸ) ಕೊಂಡರೆ ನಿಮ್ಮದೇ ಹೆಸರಲ್ಲಿ, ನಿಮ್ಮದೇ ಇಮೇಲ್‌ನಲ್ಲಿ ಕೊಳ್ಳಿ, ಸೈಟು ಮಾಡಿಕೊಟ್ಟ ಹುಡುಗನ ಹೆಸರಲ್ಲಿ ಬೇಡ. ಟೈಪ್ ಮಾಡಲು ಬೇಜಾರಾದರೆ ಮೊಬೈಲಿನ ಗೂಗಲ್ ಕೀಬೋರ್ಡ್ ಆದ ಜಿಬೋರ್ಡ್‌ನ ಮೈಕ್ ಒತ್ತಿ ಮಾತಾಡಿ. ನನ್ನ 'ಮಿಡಿ'ಯನ್ನು ಅದು ಎಷ್ಟೋ ಸಲ 'ಮಡಿ' ಮಾಡಿದೆ, ಓದಿ ತಿದ್ದಬೇಕು ಅಷ್ಟೇ.

ಗೂಗಲ್ ಸರ್ಚ್ ಕನ್ಸೋಲ್ ಅಂತ ಇನ್ನೊಂದಿದೆ, ಅದೂ ಪುಕ್ಕಟೆ. ಜನ ಯಾವ ಮಾತಿನಿಂದ ಹುಡುಕಿ ಬಂದರು ಎಂದು ತೋರಿಸುತ್ತದೆ. ನನ್ನದರಲ್ಲಿ 'ಮಿಡಿ ಮೆತ್ತಗಾದರೆ ಏನು ಮಾಡೋದು' ಅಂತ ಕಂಡಿತು. ಮುಂದಿನ ಬರಹ ಸಿಕ್ಕಿತು! ಕಾಲ ನೋಡಿ ಬರೆಯುವುದೂ ಮುಖ್ಯ. ಹೊಸ ಬರಹ ಗೂಗಲ್‌ನಲ್ಲಿ ಕಾಣಿಸಿಕೊಳ್ಳಲು ಸಮಯ ಹಿಡಿಯುತ್ತದೆ. ಮಿಡಿ ಬರುವುದು ಫೆಬ್ರುವರಿ, ಮಾರ್ಚ್ ಹೊತ್ತಿಗೆ, ನಾನು ಡಿಸೆಂಬರಿನಲ್ಲೇ ಬರೆದಿಡುತ್ತೇನೆ.

ಮಾರಲು ಏನೂ ಇಲ್ಲದ ಹೊಸಬರು? ಅಕ್ಕನ ಮಗನದು ಅದೇ ಕಥೆ. ಕಾರ್ಬನ್ ಫೈಬರ್ ದೋಟಿಯಲ್ಲಿ (ತುದಿಗೆ ಕತ್ತಿ ಇರುವ ಉದ್ದ ಕೋಲು) ನೆಲದ ಮೇಲೆ ನಿಂತೇ ಅಡಿಕೆ ಗೊನೆ ಕೊಯ್ಯುವುದನ್ನು ಕಲಿಯುತ್ತಿದ್ದ. "ಪೂರ್ತಿ ಕಲಿತ ಮೇಲೆ ಬರೀತೀನಿ" ಅಂದ. ಆಗ ತಪ್ಪೆಲ್ಲ ಮರೆತಿರುತ್ತದೆ, ಇವತ್ತೇ ಬರಿ ಅಂದೆ. ಮೊದಲ ವಾರದ ಕತ್ತು ನೋವು, ಗಾಳಿಗೆ ದೋಟಿ ತೂಗಾಡಿ ಕತ್ತಿ ಗುರಿ ತಪ್ಪಿದ್ದು, ಸಿದ್ದಾಪುರದ ಕಡೆಯ ಒಬ್ಬರು ಹೇಳಿಕೊಟ್ಟ ಕಾಲಿಡುವ ರೀತಿ, ಎಲ್ಲ ಬರೆದ. ಬರೆಯುತ್ತಾ ತನಗೇ ಎಲ್ಲಿ ಗೊತ್ತಿಲ್ಲ ಅಂತ ತಿಳಿಯಿತಂತೆ. ಹೋದ ಕೊಯ್ಲಿನಲ್ಲಿ ಅದನ್ನು ಓದಿದ ಇಬ್ಬರು ತೋಟದವರು ಕೆಲಸಕ್ಕೆ ಕರೆದರು. ಅವನ ಬರಹದಲ್ಲಿ ಒತ್ತಕ್ಷರದ ತಪ್ಪು ಜಾಸ್ತಿ. ನಾನು ಅಕ್ಷರ ತಿದ್ದಿಕೊಡುತ್ತೇನೆ, ಮಾತು ಮುಟ್ಟುವುದಿಲ್ಲ.