ತೊಗರಿ ಕಟ್ಟಿಗೆಯ ಹಿಂದೆ ಒಂದು ದ್ವೀಪ

“ಸಮುದ್ರ ಇಲ್ಲದ ಊರಾಗ ದ್ವೀಪ ಎಲ್ಲಿಂದ ತರ್ತಿ ತಮ್ಮಾ?”

ಕಲಬುರಗಿಯಲ್ಲಿ ನನಗಿಂತ ಹದಿನೈದು ವರ್ಷ ಮೊದಲೇ ಮದುವೆ ವಿಡಿಯೋ ಕೆಲಸ ಶುರು ಮಾಡಿದ ಅಣ್ಣ ಕೇಳಿದ ಮಾತಿದು. ನನಗೆ ಕ್ಯಾಮೆರಾ ಹಿಡಿಯಲು ಕಲಿಸಿದವರೇ ಅವರು. ನಾನು ಮಾಡಲು ಹೊರಟ ಭಯದ ಸಿನಿಮಾದ ಕತೆ ಇಷ್ಟೇ: ಏಳು ಜನ ಹುಡುಗ ಹುಡುಗಿಯರು ಪಿಯುಸಿ ಪರೀಕ್ಷೆ ಮುಗಿಸಿ ದ್ವೀಪಕ್ಕೆ ಹೋಗುತ್ತಾರೆ. ರಾತ್ರಿ ನೀರು ಏರಿ ಸಿಕ್ಕಿಬೀಳುತ್ತಾರೆ. ಅಲ್ಲೊಬ್ಬ ಕುಡುಗೋಲು ಹಿಡಿದು ಕಾಯುತ್ತಿರುತ್ತಾನೆ. ಕೇಳಿದವರೆಲ್ಲ ಮಲ್ಪೆಗೆ ಹೋಗು ಅಂದರು, ಗೋಕರ್ಣಕ್ಕೆ ಹೋಗು ಅಂದರು. ಲೆಕ್ಕ ಹಾಕಿದೆ. ಇಪ್ಪತ್ತೆರಡು ಜನ ಅಲ್ಲಿಗೆ ಹೋಗಿ, ಉಳಿದು, ಉಂಡು ಬರುವುದಕ್ಕೇ ಮೂರು ಲಕ್ಷ. ನನ್ನ ಹತ್ತಿರ ಇದ್ದದ್ದೇ ನಾಲ್ಕು. ಅದೂ ಎರಡು ಸೀಸನ್ ಮದುವೆ ಶೂಟ್ ಮಾಡಿ ಉಳಿಸಿದ್ದು.

ದ್ವೀಪ ನಮ್ಮ ಕಡೆಯೇ ಇತ್ತು. ನಾವು ಅದಕ್ಕೆ ಗಡ್ಡಿ ಅಂತೀವಿ. ಯಾದಗಿರಿ ಜಿಲ್ಲೆಯ ನಾರಾಯಣಪುರದಲ್ಲಿ ಬಸವಸಾಗರ ಡ್ಯಾಮ್ ಇದೆಯಲ್ಲ, ಅದರಿಂದ ಕೆಳಗೆ ಕೃಷ್ಣಾ ಹೊಳೆ ಕಲ್ಲುಬಂಡೆಗಳ ನಡುವೆ ಸೀಳಿ ಸೀಳಿ ಹರಿಯುತ್ತದೆ. ನಡುನಡುವೆ ಗಡ್ಡಿಗಳು. ಕೆಲವದರಲ್ಲಿ ಊರೇ ಇದೆ. ಮಳೆಗಾಲದಲ್ಲಿ ಡ್ಯಾಮಿನ ಗೇಟು ತೆಗೆದರೆ ನೀಲಕಂಠರಾಯನಗಡ್ಡಿ ಸುದ್ದಿಗೆ ಬರುವುದನ್ನು ಎಷ್ಟು ಸಲ ನೋಡಿಲ್ಲ ನಾವು? 2019ರ ಆಗಸ್ಟ್ ಪ್ರವಾಹದ ಸುದ್ದಿ ನೋಡುವಾಗಲೇ ಈ ಕತೆ ತಲೆಗೆ ಬಂದದ್ದು. ನಾನು ಆರಿಸಿದ್ದು ಜನವಸತಿ ಇಲ್ಲದ ಒಂದು ಸಣ್ಣ ಗಡ್ಡಿ. ಸುತ್ತು ಹಾಕಲು ಇಪ್ಪತ್ತು ನಿಮಿಷ ಸಾಕು. ಯಾವುದು ಅಂತ ಹೇಳಲ್ಲ, ಇನ್ನೊಂದು ಸಿನಿಮಾ ಅಲ್ಲೇ ಮಾಡಬೇಕು.

ಶೂಟಿಂಗ್ ಫೆಬ್ರವರಿಯಲ್ಲಿ ಇಟ್ಟುಕೊಂಡೆ. ಹೊಳೆ ಇಳಿದಿರುತ್ತದೆ, ಬಿಸಿಲು ಇನ್ನೂ ನಲವತ್ತು ಮುಟ್ಟಿರುವುದಿಲ್ಲ. ಆದರೆ ಹೊಳೆ ಇಳಿದರೆ ಇನ್ನೊಂದು ತೊಂದರೆ. ಯಾವ ಕಡೆ ಕ್ಯಾಮೆರಾ ತಿರುಗಿಸಿದರೂ ಎದುರು ದಡ ಕಾಣುತ್ತದೆ. ಭತ್ತದ ಗದ್ದೆ, ಕರೆಂಟ್ ಕಂಬ, ಪಂಪ್‌ಸೆಟ್ ಮನೆ, ಎಮ್ಮೆ ಮೈ ತೊಳೆಯುವವರು. ಮೊದಲ ಎರಡು ದಿನದ ಫೂಟೇಜ್ ನೋಡಿ ನಮ್ಮ ಎಡಿಟರ್ ಹುಡುಗ, “ಅಣ್ಣಾ, ಇವರು ಯಾಕ ಅಂಜಲತ್ತಾರ? ಕೂಗಿದ್ರ ಆ ಎಮ್ಮಿ ಕಾಯೋ ಮುದುಕ ಬರ್ತಾನಲ್ಲ” ಅಂದ. ಅವನು ಹೇಳಿದ್ದು ನೂರಕ್ಕೆ ನೂರು ನಿಜ. ನೀರು ಕಂಡರೆ ದ್ವೀಪ ಆಗುವುದಿಲ್ಲ. ಎದುರು ದಡ ಕಾಣದಿದ್ದರೆ ಮಾತ್ರ ದ್ವೀಪ. ಈ ಒಂದು ಮಾತಿಗೆ ನಾನು ಕಳೆದುಕೊಂಡದ್ದು ಎರಡು ದಿನ, ಹತ್ತಿರ ಹತ್ತಿರ ಮೂವತ್ತು ಸಾವಿರ.

ವಿಎಫ್‌ಎಕ್ಸ್‌ನಲ್ಲಿ, ಅಂದರೆ ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ, ದಡ ಅಳಿಸಲು ಹೈದರಾಬಾದಿನಲ್ಲಿ ವಿಚಾರಿಸಿದೆ. ಒಂದು ಶಾಟಿಗೆ ಎಂಟು ಸಾವಿರ ಹೇಳಿದರು. ನನಗೆ ಅಂಥ ಶಾಟ್ ನೂರರ ಮೇಲೆ ಬೇಕು. ಆಗ ನೆನಪಾಗಿದ್ದು ಅಮೆರಿಕದ ಭಯದ ಸಿನಿಮಾ, 1978ರ ‘ಹ್ಯಾಲೋವೀನ್’. ಅವರು ವಸಂತಕಾಲದಲ್ಲಿ ಶೂಟ್ ಮಾಡಿ, ಕತೆಗೆ ಒಣಗಿದ ಎಲೆ ಬೇಕು ಅಂತ ಬಣ್ಣ ಬಳಿದ ಎಲೆ ಉದುರಿಸಿ, ಶಾಟ್ ಮುಗಿದ ಮೇಲೆ ಅವನ್ನೇ ಗುಡಿಸಿ ತುಂಬಿಟ್ಟುಕೊಂಡು ಮತ್ತೆ ಬಳಸಿದ್ದರು. ಎಲೆ ಅವರಿಗೆ, ನಮಗೇನು? ನಮ್ಮ ಜಿಲ್ಲೆಯಲ್ಲಿ ಜನವರಿ ಮುಗಿಯುವಷ್ಟರಲ್ಲಿ ಯಾವ ಹೊಲದಲ್ಲಿ ನೋಡಿದರೂ ತೊಗರಿ ರಾಶಿ ಮುಗಿದು ಕಟ್ಟಿಗೆ ಒಟ್ಟಿರುತ್ತಾರೆ. ಆಳೆತ್ತರದ ಕಂದು ಕಟ್ಟಿಗೆ, ಕವಲು ಕವಲು. ಮಾವನ ಹೊಲದಿಂದ ಒಂದು ಟ್ರ್ಯಾಕ್ಟರ್ ತುಂಬಿಸಿದೆ. ಕಟ್ಟಿಗೆಗೆ ದುಡ್ಡಿಲ್ಲ, ಡೀಸೆಲ್ ಮತ್ತು ಕೂಲಿ ಸೇರಿ ನಾಲ್ಕು ಸಾವಿರ.

ಹೊರೆ ಕಟ್ಟಿ, ಬಿದಿರಿನ ಗೂಟಕ್ಕೆ ಬಿಗಿದು, ನಟರ ಹಿಂದೆ ಎಂಟು ಹತ್ತು ಅಡಿ ದೂರದಲ್ಲಿ ನಿಲ್ಲಿಸಿದೆವು. 50 ಎಂಎಂ ಲೆನ್ಸಿನ ಬಾಯಿ 1.8ಕ್ಕೆ ಅಗಲ ತೆರೆದರೆ ಹಿಂದಿನದು ಮಸುಕಾಗಿ ಅದು ಕಾಡು. ಸಂದಿಯಲ್ಲಿ ನೀರು ಮಿನುಗುತ್ತದೆ, ದಡ ಕಾಣುವುದಿಲ್ಲ. ಹೊರೆ ನೆಟ್ಟಗೆ ನಿಲ್ಲಿಸಿದರೆ ಬೇಲಿ ಥರ ಕಾಣುತ್ತದೆ. ಮೂರರಲ್ಲಿ ಒಂದನ್ನು ಓರೆ ಮಾಡಿ, ಒಂದನ್ನು ತಲೆಕೆಳಗೆ ಮಾಡಿ. ಶಾಟ್ ಮುಗಿದರೆ ಎತ್ತಿಕೊಂಡು ಮುಂದಿನ ಜಾಗಕ್ಕೆ. ಅದೇ ಅರವತ್ತು ಹೊರೆ ಇಡೀ ಸಿನಿಮಾದ ಕಾಡು. ಮೇಲಿನಿಂದ ಡ್ರೋನ್ ಶಾಟ್ ಬೇಕಿದ್ದರೆ ನೇರ ಕೆಳಕ್ಕೆ ನೋಡುವುದೊಂದೇ ದಾರಿ. ಸ್ವಲ್ಪ ತಲೆ ಎತ್ತಿದರೂ ಹೈಟೆನ್ಷನ್ ಲೈನ್ ಬರುತ್ತದೆ.

ರಾತ್ರಿಯ ವಿಚಾರ. ಹರಿಗೋಲಿನಲ್ಲಿ ಜನರೇಟರ್ ತರಲು ಆಗುವುದಿಲ್ಲ, ತಂದರೂ ಅದರ ಸದ್ದು. ಅದಕ್ಕೇ ಹಗಲನ್ನೇ ರಾತ್ರಿ ಮಾಡಿದೆ. ಕ್ಯಾಮೆರಾ ಹಿಡಿದವರಿಗೆಲ್ಲ ಗೊತ್ತಿರುವುದೇ: ಚಿತ್ರ ನೀಲಿಯಾಗಲು ವೈಟ್ ಬ್ಯಾಲೆನ್ಸ್ 3200, ಕತ್ತಲಾಗಲು ಬೆಳಕು ಎರಡು ಸ್ಟಾಪ್ ಕಡಿಮೆ, ಸೂರ್ಯ ನಟರ ಬೆನ್ನಿಗೆ, ಆಕಾಶ ಫ್ರೇಮಿನಲ್ಲಿ ಬರಬಾರದು. ನಮ್ಮ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ, ನೆರಳು ಚಾಕುವಿನಿಂದ ಕೊಯ್ದಂತೆ ಬೀಳುತ್ತದೆ. ಆದರೆ ಟಾರ್ಚ್ ಹಿಡಿದ ಸೀನುಗಳು ಹಾಳಾದವು. ಆ ಬಿಸಿಲಿನಲ್ಲಿ ಟಾರ್ಚ್ ಬೆಳಕು ಎಲ್ಲಿ ಕಾಣಬೇಕು? ಆಮೇಲೆ ಟಾರ್ಚಿನ ಸೀನುಗಳನ್ನೆಲ್ಲ ಸೂರ್ಯ ಮುಳುಗಿದ ಮೇಲಿನ ಇಪ್ಪತ್ತೈದು ನಿಮಿಷಕ್ಕೆ ಹಂಚಿದೆ. ದಿನಕ್ಕೆ ನಾಲ್ಕು ಶಾಟ್, ಐದನೆಯದಕ್ಕೆ ಆಸೆ ಪಡುವುದಿಲ್ಲ. ಮಧ್ಯಾಹ್ನವೇ ನಾಲ್ಕೂ ಜಾಗದಲ್ಲಿ ಕಲ್ಲಿಟ್ಟು ಗುರುತು ಮಾಡಿ, ಬರೀ ನಡೆದಾಡಿ ರಿಹರ್ಸಲ್. ನನ್ನ ಹುಡುಗರು ಆ ಇಪ್ಪತ್ತೈದು ನಿಮಿಷ ಕೆಲಸ ಮಾಡಿದ ರೀತಿ ಬೆಂಗಳೂರಿನ ಯೂನಿಟ್‌ನವರೂ ನೋಡಿ ಕಲಿಯಬೇಕು.

ಕೊಲೆಗಾರನ ಮುಖವಾಡದ ಬಗ್ಗೆ ನನಗೆ ಬಹಳ ಹೆಮ್ಮೆ. ಬಿಳಿ ಮುಖವಾಡ ಎಲ್ಲರೂ ಹಾಕುತ್ತಾರೆ. ನನಗೆ ಕತ್ತಲಲ್ಲಿ ಮುಖವೇ ಇಲ್ಲದವನು ಬೇಕಿತ್ತು. ಬೀದರ್‌ಗೆ ಒಂದು ಮದುವೆಗೆ ಹೋದಾಗ ಬಿದರಿ ಹೂಜಿಯ ಮೇಲೆ ನನ್ನ ವಿಡಿಯೋ ಲೈಟ್ ಬಿತ್ತು. ಕಪ್ಪು ಪೂರ್ತಿ ಮಾಯ, ಬೆಳ್ಳಿ ಬಳ್ಳಿ ಮಾತ್ರ ಗಾಳಿಯಲ್ಲಿ ತೇಲಿದ ಹಾಗೆ. ಅದೇ ಬೇಕು ಅನಿಸಿತು. ನಿಜವಾದ ಬಿದರಿ ಅಂದರೆ ಸತು, ತಾಮ್ರ, ಅದರಲ್ಲಿ ಬೆಳ್ಳಿ ತಂತಿ ಕೂಡಿಸಿ, ಬೀದರ್ ಕೋಟೆಯ ಮಣ್ಣು ಹಾಕಿ ಕಪ್ಪು ಮಾಡುವ ಕೆಲಸ. ಅಷ್ಟು ದುಡ್ಡೂ ಇಲ್ಲ, ಅಷ್ಟು ಭಾರ ಹೊತ್ತು ಓಡಲೂ ಆಗಲ್ಲ. ಹಳೇ ಪೇಪರ್ ನೆನೆಸಿ ಮೆಂತ್ಯದ ಅಂಟಿನಲ್ಲಿ ಅಚ್ಚು ಹಾಕಿದೆ. ಮೇಲೆ ಶಾಲೆಯ ಕರಿಹಲಗೆಗೆ ಬಳಿಯುವ ಬಣ್ಣ, ಒಂಚೂರೂ ಹೊಳೆಯದ ಕಪ್ಪು. ಗೆರೆಗಳಿಗೆ ಅಲ್ಯೂಮಿನಿಯಂ ಟೇಪ್ ಕತ್ತರಿಸಿ ಅಂಟಿಸಿದೆ. ಅರ್ಧ ಗಂಟೆಯಲ್ಲಿ ಬೆವರಿಗೆ ಎದ್ದು ಬಂತು. ಎರಡನೇ ಮುಖವಾಡವೂ ಹಾಗೇ. ಮೂರನೆಯದರಲ್ಲಿ ಟೇಪ್ ಬಿಟ್ಟು ಬೇರೆ ವಸ್ತು ಹಾಕಿದೆ, ಅದು ಕೊನೆ ದಿನದವರೆಗೂ ಅಲುಗಲಿಲ್ಲ. ಆ ವಸ್ತು ಏನು ಅಂತ ಸದ್ಯಕ್ಕೆ ನನ್ನಲ್ಲೇ ಇರಲಿ. ಟಾರ್ಚ್ ಬಿದ್ದ ಕೂಡಲೇ ತೊಗರಿ ಕಟ್ಟಿಗೆಯ ನಡುವೆ ಬೆಳ್ಳಿ ಬಳ್ಳಿಯೊಂದು ಎದ್ದು ನಿಲ್ಲುತ್ತದೆ. ಶಹಾಪುರದ ಥಿಯೇಟರಿನಲ್ಲಿ ಆ ಶಾಟಿಗೆ ಜನ ಕುರ್ಚಿಯಿಂದ ಎದ್ದದ್ದನ್ನು ನಾನು ಹಿಂದೆ ನಿಂತು ನೋಡಿದೆ.

ರಕ್ತ. ಮೊದಲು ಜೋನಿ ಬೆಲ್ಲಕ್ಕೆ ಕೆಂಪು ಫುಡ್ ಕಲರ್ ಹಾಕಿದೆ. ದಪ್ಪ ಚೆನ್ನಾಗಿತ್ತು. ಹತ್ತು ನಿಮಿಷದಲ್ಲಿ ‘ಸತ್ತ’ ಹುಡುಗಿಯ ಕುತ್ತಿಗೆ ತುಂಬ ಕೆಂಜಿಗ ಇರುವೆ. ಪಾಪ, ಕಣ್ಣು ಮುಚ್ಚಿ ಶಾಟ್ ಮುಗಿಸಿದಳು, ಎದ್ದು ಹೊಳೆಗೆ ಓಡಿದಳು. ಆಮೇಲೆ ಮಿಠಾಯಿ ಅಂಗಡಿಯವರು ಬಳಸುವ ಲಿಕ್ವಿಡ್ ಗ್ಲೂಕೋಸ್ ತಂದೆ. ಇರುವೆ ಹೋಗಿ ನೊಣ ಬಂತು. ಸಿಹಿ ಇದ್ದರೆ ಗಡ್ಡಿಯಲ್ಲಿ ಆಗುವುದೇ ಇಲ್ಲ. ಕೊನೆಗೆ ನಿಂತದ್ದು ಸಾಬೂದಾನಿ ಗಂಜಿ. ಚೆನ್ನಾಗಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ಕೆಂಪು ಬಣ್ಣ, ಎರಡು ಹನಿ ನೀಲಿ, ಒಂದು ಚಮಚ ಕಾಫಿ ಪುಡಿ. ನೀಲಿ ಹಾಕದಿದ್ದರೆ ಕ್ಯಾಮೆರಾದಲ್ಲಿ ಕಿತ್ತಳೆ ಕಾಣುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪ ಬೆರೆಸಿದರೆ ಬಟ್ಟೆಯ ಕಲೆ ಹೋಗುತ್ತದೆ, ಆದರೆ ಅದನ್ನು ಬಾಯಿ ಹತ್ತಿರ ತರಬೇಡಿ, ಬಾಯಿಂದ ಬರುವ ರಕ್ತ ಬೇರೆ ಡಬ್ಬಿ. ಸಂಜೆಗೆ ಹುಳಿ ವಾಸನೆ ಬರುತ್ತದೆ. ದಿನಾ ಬೆಳಿಗ್ಗೆ ಹೊಸದು ಮಾಡಬೇಕು.

ನಡುವೆ ಫ್ಲ್ಯಾಶ್‌ಬ್ಯಾಕ್ ಕಪ್ಪುಬಿಳುಪಿನಲ್ಲಿ ಮಾಡಿ ನೋಡಿದೆ. ಕಪ್ಪುಬಿಳುಪಿನ ಕಾಲದಲ್ಲಿ ರಕ್ತಕ್ಕೆ ಚಾಕೊಲೇಟ್ ಸಿರಪ್ ಬಳಸಿದ್ದುಂಟಲ್ಲ, ಹಾಗೇ. ಬಹಳ ಚೆನ್ನಾಗಿ ಬಂತು. ಕತೆಗೆ ಬೇಕಾಗಲಿಲ್ಲ, ತೆಗೆದು ಹಾಕಿದೆ. ಆರು ನಿಮಿಷದ ಆ ತುಣುಕು ಈಗಲೂ ಹಾರ್ಡ್ ಡಿಸ್ಕಿನಲ್ಲಿದೆ.

ನೀರೊಳಗಿನ ಸೀನುಗಳನ್ನು ಹೊಳೆಯಲ್ಲಿ ಮಾಡಲೇ ಇಲ್ಲ. ಕೃಷ್ಣೆಯಲ್ಲಿ ಮೊಸಳೆ ಇವೆ, ಅದರಲ್ಲಿ ಮಾತಿಲ್ಲ. ಚಿತ್ತಾಪುರ, ಶಹಾಬಾದ್ ಕಡೆ ನೆಲಕ್ಕೆ ಹಾಸುವ ಫರಸಿ ಕಲ್ಲು ತೆಗೆದು ಬಿಟ್ಟ ಗಣಿಗಳಲ್ಲಿ ನೀರು ನಿಂತಿರುತ್ತದೆ. ಹಸಿರು, ತಿಳಿ. ಸೊಂಟದ ಮಟ್ಟ ನೀರಿರುವ ಒಂದು ಮೆಟ್ಟಿಲು ಹುಡುಕಿ, ಎರಡು ಕಡೆ ಹಗ್ಗ ಕಟ್ಟಿ, ಇಬ್ಬರು ಈಜುಗಾರರನ್ನು ನಿಲ್ಲಿಸಿ ಒಂದೇ ಬೆಳಿಗ್ಗೆ ಮುಗಿಸಿದೆವು. ಮೆಟ್ಟಿಲಿನಿಂದ ಆಚೆ ಆಳ ಎಷ್ಟು ಅಂತ ಯಾರಿಗೂ ಗೊತ್ತಿಲ್ಲ. ಹಗ್ಗ ಇಲ್ಲದೆ ಯಾರೂ ಇಳಿಯಬೇಡಿ.

ಆರನೇ ದಿನದ ವಿಷಯ ಹೇಳಲೇಬೇಕು. ನಮ್ಮ ಹರಿಗೋಲು ಹಾಕುತ್ತಿದ್ದ ಅಂಬಿಗರ ಕಾಕಾ ದಿನಾ ಗಡ್ಡಿಗೆ ಬಂದ ಕೂಡಲೇ ನೀರಿನ ಅಂಚಿಗೆ, ಮರಳಿನಲ್ಲಿ, ಗೇಣುದ್ದದ ಒಂದು ಜಾಲಿ ಕಡ್ಡಿ ಚುಚ್ಚುತ್ತಿದ್ದರು. ನಾನು ಯಾಕೆ ಅಂತ ಕೇಳಿರಲಿಲ್ಲ. ಅವತ್ತು ಸಂಜೆ ನಾಲ್ಕರ ಹೊತ್ತಿಗೆ ಬಂದು ನನ್ನ ಭುಜ ಮುಟ್ಟಿದರು. “ಸಾಹೇಬ್ರ, ಕಡ್ಡಿ ಕಾಣಲ್ದು. ಏಳ್ರಿ.” ನೋಡಿದರೆ ಬೆಳಿಗ್ಗೆ ನಾವು ದಾಟಿ ಬಂದ ಚಪ್ಪಟೆ ಬಂಡೆಯ ಮೇಲೆ ನೀರು ತೆಳ್ಳಗೆ ಹಬ್ಬುತ್ತಿದೆ. ಸದ್ದೇ ಇಲ್ಲ. ಮೇಲಿನಿಂದ ನೀರು ಬಿಟ್ಟಿದ್ದರು. ಮೊದಲೇ ಊರಿನಲ್ಲಿ ವಿಚಾರಿಸಬೇಕಿದ್ದದ್ದು ನಾನು, ವಿಚಾರಿಸಿರಲಿಲ್ಲ. ಹುಡುಗಿಯರನ್ನು ಮೊದಲು ಕಳಿಸಿದೆವು, ಆಮೇಲೆ ಕ್ಯಾಮೆರಾ ಪೆಟ್ಟಿಗೆ. ನಾಲ್ಕನೇ ಸುತ್ತಿಗೆ ಸೆಳೆತ ಜಾಸ್ತಿಯಾಯಿತು, ಕಾಕಾ ಹರಿಗೋಲು ನಿಲ್ಲಿಸಿದರು. ನಾವು ಒಂಬತ್ತು ಜನ ಗಡ್ಡಿಯ ಎತ್ತರದ ಬಂಡೆಯ ಮೇಲೆ ರಾತ್ರಿ ಕಳೆದೆವು. ಅಂಚಿನಲ್ಲಿದ್ದ ಇಪ್ಪತ್ತು ಹೊರೆ ತೊಗರಿ ಕಟ್ಟಿಗೆ ಕಣ್ಣೆದುರೇ ತೇಲಿ ಹೋಯಿತು. ನನ್ನ ಕೈಯಲ್ಲಿ ಹಳೇ ಕ್ಯಾಮೆರಾ ಒಂದಿತ್ತು. ಬಂಡೆ ಒಂದೊಂದೇ ಮುಳುಗುವುದನ್ನು ಬೆಳಕಿರುವ ತನಕ ಶೂಟ್ ಮಾಡಿದೆ. ಸಿನಿಮಾದಲ್ಲಿ ನೀರು ಏರುವ ಒಂದೂವರೆ ನಿಮಿಷ ಅದೇ. ಅಂಥ ಶಾಟಿಗಾಗಿ ಇನ್ನೊಮ್ಮೆ ಆ ರಾತ್ರಿ ಕಳೆಯಲು ನಾನು ತಯಾರಿಲ್ಲ. ಮರುದಿನದಿಂದ ಕಡ್ಡಿ ಚುಚ್ಚುವವರು ಇಬ್ಬರು, ಕಾಕಾ ಮತ್ತು ನಾನು. ಜತೆಗೆ ಡ್ಯಾಮ್ ಕಡೆಯ ಊರಿನ ಒಬ್ಬ ಪರಿಚಯದವನಿಗೆ ದಿನಾ ಎರಡು ಸಲ ಫೋನ್.

ಸೌಂಡ್ ಅರ್ಧ ಸಿನಿಮಾ. ಹೊಳೆಯ ನೀರು ಫೆಬ್ರವರಿಯಲ್ಲಿ ಸದ್ದು ಮಾಡುವುದಿಲ್ಲ. ದ್ವೀಪ ಅನಿಸಲು ನಾಲ್ಕೂ ಕಡೆ ನೀರು ಬಡಿಯುವ ಸದ್ದು ಬೇಕು. ಮನೆಯ ಸಿಮೆಂಟ್ ಹೌದದಲ್ಲಿ, ಅಂದರೆ ನೀರಿನ ತೊಟ್ಟಿಯಲ್ಲಿ, ಬುಟ್ಟಿ ಆಡಿಸಿ ಹತ್ತು ಥರ ರೆಕಾರ್ಡ್ ಮಾಡಿದೆ. ಕುಡುಗೋಲು ಇಳಿಯುವ ಸದ್ದು ನೆಂದ ಕೌದಿಯೊಳಗೆ ಸುತ್ತಿದ ಕಲ್ಲಂಗಡಿಯದು. ಎಲುಬಿಗೆ ಮೊದಲು ಜೋಳದ ದಂಟು ಮುರಿದೆ, ಹಸಿ ಹಸಿ ಕೇಳಿಸಿತು. ಒಂದು ದಿನ ಊಟಕ್ಕೆ ಕುಳಿತಾಗ ಪಕ್ಕದವನು ಖಡಕ್ ರೊಟ್ಟಿ ಮುರಿದ. ಎಲ್ಲರೂ ಒಂದೇ ಸಲ ಅವನ ಕಡೆ ನೋಡಿದೆವು. ಎರಡು ಖಡಕ್ ರೊಟ್ಟಿ, ಒದ್ದೆ ಟವೆಲ್, ಮೈಕ್ ಒಂದು ಗೇಣು ದೂರ. ಅದಕ್ಕಿಂತ ಒಳ್ಳೆಯ ಮೂಳೆ ಮುರಿಯುವ ಸದ್ದು ನಾನಂತೂ ಎಲ್ಲೂ ಕೇಳಿಲ್ಲ. ಶೇಂಗಾ ಹಿಂಡಿ, ಪುಂಡಿ ಪಲ್ಯದ ಜತೆ ಊಟಕ್ಕೂ ಅದೇ ರೊಟ್ಟಿ.

ದುಡ್ಡು ಈಗ ನೆನಪಿದ್ದಷ್ಟು: ಕ್ಯಾಮೆರಾ, ಲೆನ್ಸ್ ಬಾಡಿಗೆ ಎಪ್ಪತ್ತು ಸಾವಿರ. ಊಟ ಎಂಬತ್ತೈದು. ಹರಿಗೋಲು ಇಪ್ಪತ್ತನಾಲ್ಕು, ಅದರಲ್ಲಿ ಒಂದು ಪೈಸೆಯನ್ನೂ ಚೌಕಾಸಿ ಮಾಡಲಿಲ್ಲ. ಗಾಡಿ, ಡೀಸೆಲ್ ಅರವತ್ತರ ಹತ್ತಿರ. ನಟರೆಲ್ಲ ನಾಟಕದ ಹುಡುಗರು, ಹತ್ತೊಂಬತ್ತು ದಾಟಿದವರೇ, ತಲೆಗೆ ಐದು ಸಾವಿರ. ಮುಖವಾಡ ಹಾಕಿದವನಿಗೆ ಹತ್ತು. ಸೌಂಡ್ ಮಿಕ್ಸಿಂಗ್ ಎಪ್ಪತ್ತೈದು. ಸೆನ್ಸಾರ್ ಸರ್ಟಿಫಿಕೇಟ್ ಕೆಲಸ, ಬೆಂಗಳೂರು ಓಡಾಟ ನಲವತ್ತು. 2024ರ ನಿಯಮದಲ್ಲಿ ಯುಎ 16+ ಅಂತ ಒಂದು ಬಂದಿದೆ, ಹದಿನಾರರ ಒಳಗಿನವರು ಹೆತ್ತವರ ಮಾರ್ಗದರ್ಶನದಲ್ಲಿ ನೋಡಬಹುದಾದದ್ದು, ಅದಕ್ಕೆ ಆಸೆ ಇತ್ತು. ದೊಡ್ಡವರಿಗೆ ಮಾತ್ರ ಅನ್ನುವ ಎ ಬಂತು. ಇಷ್ಟು ರಕ್ತ ಇಟ್ಟಮೇಲೆ ಅದು ಸರಿಯೇ. ಹಾಳಾದ ದಿನಗಳ ಖರ್ಚೂ ಸೇರಿ ಒಟ್ಟು ನಾಲ್ಕೂವರೆ ಲಕ್ಷ. ನಾಲ್ಕರ ಮೇಲಿನದು ಹೆಂಡತಿಯ ಬಳೆ ಅಡವಿಟ್ಟು ತಂದದ್ದು.

ಥಿಯೇಟರ್ ಬಾಡಿಗೆ ಕಳೆದು ಕಲಬುರಗಿ, ಶಹಾಪುರ, ಸುರಪುರದ ಶೋಗಳಿಂದ ಎರಡು ಲಕ್ಷದ ಮೇಲೆ ಬಂತು. ಒಂದು ಸಣ್ಣ ಆ್ಯಪ್‌ನವರು ಎರಡೂಮುಕ್ಕಾಲು ಕೊಟ್ಟರು. ಮೊದಲು ಬಿಡಿಸಿದ್ದು ಬಳೆ.

ಸುರಪುರದ ಶೋಗೆ ಅಂಬಿಗರ ಕಾಕಾನನ್ನು ಕರೆದುಕೊಂಡು ಹೋಗಿದ್ದೆ. ಇಂಟರ್ವಲ್‌ನಲ್ಲಿ ಚಹಾ ಕುಡಿಯುತ್ತಾ, “ನಮ್ಮ ಗಡ್ಡಿ ಯಾವಾಗ ಬರ್ತದ್ರಿ?” ಅಂತ ಕೇಳಿದರು. ಒಂದು ಗಂಟೆಯಿಂದ ಅದನ್ನೇ ನೋಡುತ್ತಿದ್ದರು. ಕಲಬುರಗಿಯ ಅಣ್ಣನಿಗೆ ಇದನ್ನು ಹೇಳಿದೆ. ಅವರು ಮುಂದಿನ ಫೆಬ್ರವರಿಗೆ ಎಷ್ಟು ಹೊರೆ ತೊಗರಿ ಕಟ್ಟಿಗೆ ಬೇಕು ಅಂತ ಕೇಳಿದರು. ನೂರು ಅಂದಿದ್ದೇನೆ.