ವಂಡರ್ಲಿಕ್ ಅಂಕವನ್ನು ಅಳೆದು ನೋಡುವ ಬಗೆ

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಡ್ರಾಫ್ಟ್‌ಗೆ (ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ಬಂದ ಕಾಲೇಜು ಫುಟ್‌ಬಾಲ್ ಆಟಗಾರನೊಬ್ಬನ ಹಳೆಯ ವಂಡರ್ಲಿಕ್ ಎಂಬ ಬುದ್ಧಿಶಕ್ತಿ ಪರೀಕ್ಷೆಯ ಅಂಕ ಕಣ್ಣಿಗೆ ಬಿದ್ದರೆ, ಅದು 12 ನಿಮಿಷಗಳಲ್ಲಿ 50 ಪ್ರಶ್ನೆಗಳನ್ನು ಎದುರಿಸಿ ಗಳಿಸಿದ್ದು, ಅಂದರೆ ಪ್ರಶ್ನೆಯೊಂದಕ್ಕೆ 15 ಸೆಕೆಂಡೂ ಸಿಗದ ಪರೀಕ್ಷೆಯದು ಎಂಬುದನ್ನು ಮೊದಲು ನೆನಪಿಡಿ. ಮೂರು ಪೆನ್ಸಿಲ್‌ಗೆ 21 ಸೆಂಟ್ ಆದರೆ ಎಂಟಕ್ಕೆಷ್ಟು ಎಂಬಂಥ ಸುಲಭದ ಲೆಕ್ಕವೂ ಗಡಿಯಾರದ ಮುಂದೆ ತಡವರಿಸುವಂತೆ ಮಾಡುತ್ತದೆ. 20ರ ಆಸುಪಾಸನ್ನು ಸಾಧಾರಣವೆಂದು ಎಣಿಸಿ. ಅಂಕ ಕಡಿಮೆಯಿದ್ದರೆ ಅವನನ್ನು ದಡ್ಡನೆನ್ನುವ ಮೊದಲು, ಓದುವ ವೇಗವೇ ತೊಡಕಾಗಿತ್ತೇ ಎಂದು ವಿಚಾರಿಸಿ; ಈ ಎಚ್ಚರವನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುತ್ತೇನೆ. ಅಂಕವೊಂದರಿಂದಲೇ ಆಟವನ್ನು ಅಳೆಯಲಾಗದು: 50ಕ್ಕೆ 50 ಪಡೆದ ಹಾರ್ವರ್ಡ್‌ನ ಪ್ಯಾಟ್ ಮೆಕಿನಾಲಿ ಮುಖ್ಯವಾಗಿ ಪಂಟರ್ (ಚೆಂಡನ್ನು ದೂರಕ್ಕೆ ಒದೆಯುವ ಆಟಗಾರ) ಆಗಿ ಹೆಸರಾದರು. ಸುಮಾರು 15 ಅಂಕ ಪಡೆದರೆಂದು ವರದಿಯಾದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ತಂಡದ ದಾಳಿ ನಡೆಸುವ ಆಟಗಾರ) ಡ್ಯಾನ್ ಮರಿನೋ ಶ್ರೇಷ್ಠ ಆಟಗಾರರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. 2022ರಿಂದ ಕಂಬೈನ್‌ನಲ್ಲಿ (ಡ್ರಾಫ್ಟ್‌ಗೆ ಮೊದಲು ಆಟಗಾರರನ್ನು ಪರೀಕ್ಷಿಸುವ ಶಿಬಿರ) ಈ ಪರೀಕ್ಷೆ ನಡೆಯುತ್ತಿಲ್ಲವಾದ್ದರಿಂದ, ಹೊಸಬರನ್ನು ಹಳಬರ ಅಂಕಗಳೊಡನೆ ತೂಗಲು ಹೋಗಬೇಡಿ.