ಗೇಟಿನ ಮುಂದೆ ಪಾನಕ, ದಾರದಲ್ಲಿ ಹೆಸರುಗಳು

ನಾನು ಬರೆಯುವವಳಲ್ಲ, ನೋಡುವವಳು. ರಾತ್ರಿ ಪಾತ್ರೆ ತೊಳೆದಿಟ್ಟು, ಒಂದು ಲೋಟ ಹಾಲು ಹಿಡಿದು ಟಿವಿ ಮುಂದೆ ಕೂತರೆ ನನ್ನ ದಿನ ಮುಗಿದ ಹಾಗೆ. ಈ ದೇಶಕ್ಕೆ ಬಂದ ಹೊಸದರಲ್ಲಿ ಇಲ್ಲಿಯ ಜನ ಹೇಗೆ ಜಗಳ ಆಡ್ತಾರೆ, ಹೇಗೆ ಸಮಾಧಾನ ಮಾಡ್ತಾರೆ ಅನ್ನೋದನ್ನ ನಾನು ಕಲಿತಿದ್ದು ಅಕ್ಕಪಕ್ಕದವರಿಂದಲ್ಲ, ಧಾರಾವಾಹಿಗಳಿಂದ. ಹಾಗಾಗಿ 2023ರ ಮೇ 2ರಂದು, ಅಮೆರಿಕದ ಸಿನಿಮಾ, ಟಿವಿ ಬರಹಗಾರರ ಯೂನಿಯನ್ ಆದ ರೈಟರ್ಸ್ ಗಿಲ್ಡ್‌ನ 11,500 ಬರಹಗಾರರು ಮುಷ್ಕರ ಶುರು ಮಾಡಿದಾಗ ಮನೆಯಲ್ಲಿ ಸುಮ್ನೆ ಕೂರೋಕೆ ಆಗಲಿಲ್ಲ. ನಾವಿರುವುದು ಬರ್ಬ್ಯಾಂಕ್‌ನಲ್ಲಿ, ಲಾಸ್ ಏಂಜಲೀಸ್ ಪಕ್ಕ. ಮುಷ್ಕರದವರು ಬೋರ್ಡು ಹಿಡಿದು ನಡೆಯುತ್ತಿದ್ದ ವಾರ್ನರ್ ಬ್ರದರ್ಸ್ ಸ್ಟುಡಿಯೋ ಗೇಟು, ಡಿಸ್ನಿ ಸ್ಟುಡಿಯೋ ಗೇಟು ಎರಡೂ ಇದೇ ಊರಲ್ಲಿವೆ.

ಇದೇ ಬರಹಗಾರರ 2007ರ ಮುಷ್ಕರ ನನಗೆ ನೆನಪಿದೆ. ಆಗ ನಾನು ಓದೋಕೆ ಬಂದಿದ್ದೆ, ಬೇರೆ ರಾಜ್ಯದಲ್ಲಿದ್ದೆ. ನವೆಂಬರ್ 5ಕ್ಕೆ ಶುರುವಾಗಿ 2008ರ ಫೆಬ್ರವರಿ 12ರವರೆಗೆ, ಸುಮಾರು 100 ದಿನ ನಡೆಯಿತು. ಒಂದು ಡಿವಿಡಿ ಮಾರಾಟವಾದರೆ ಬರೆದವರಿಗೆ ಸಿಗುತ್ತಿದ್ದದ್ದು ಬರೀ 4 ಸೆಂಟ್ ಅಂತ ಓದಿ ಬೇಜಾರಾಗಿತ್ತು. ಅಭಿಮಾನಿಗಳೆಲ್ಲ ಸೇರಿ ಸ್ಟುಡಿಯೋ ದೊಡ್ಡವರಿಗೆ ಪೆನ್ಸಿಲ್ ಕಳಿಸೋಣ ಅಂತ ಹೊರಟಿದ್ದರು, ದುಡ್ಡು ಕೊಟ್ಟರೆ ನಮ್ಮ ಪರವಾಗಿ ಒಂದು ಡಬ್ಬಿ ಹೋಗುತ್ತಿತ್ತು. ನಾನೂ ಕಳಿಸಿದೆ. ದೂರದಿಂದ ಆಗ ನನ್ನ ಕೈಲಾಗಿದ್ದು ಅಷ್ಟೇ. ಈ ಸಲ ಗೇಟು ಹತ್ತಿರದಲ್ಲೇ ಇತ್ತು.

ಮೊದಲ ದಿನ ನಾಲ್ಕು ಡಬ್ಬ ಡೋನಟ್ ತಗೊಂಡು ಹೋದೆ. ಅಲ್ಲಿ ಆಗಲೇ ಮೇಜಿನ ತುಂಬ ಡೋನಟ್ಟೇ ಇತ್ತು. ಬಂದವರೆಲ್ಲ ಅದನ್ನೇ ತಂದಿದ್ದರು. ಬಿಸಿಲು ಏರಿದ ಹಾಗೆ ಅದರ ಮೇಲಿನ ಸಕ್ಕರೆ ಕರಗಿ ರಟ್ಟಿಗೆ ಅಂಟಿಕೊಳ್ಳುತ್ತಿತ್ತು, ಯಾರೂ ಮುಟ್ಟುತ್ತಿರಲಿಲ್ಲ. ಆ ಗೇಟಿನ ಉಸ್ತುವಾರಿ ನೋಡುತ್ತಿದ್ದ ಹೆಂಗಸನ್ನ ಕೇಳಿದೆ, ನಿಮಗೆ ನಿಜವಾಗಿ ಏನು ಬೇಕು ಅಂತ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. ಐಸ್, ಬಿಸಿಲಿಗೆ ಹಚ್ಚೋ ಸನ್‌ಸ್ಕ್ರೀನ್, ವಯಸ್ಸಾದವರಿಗೆ ನಾಲ್ಕು ಮಡಚೋ ಕುರ್ಚಿ, ಆಮೇಲೆ ಸೋಮವಾರ ಬರುವ ಜನ. ಶುಕ್ರವಾರ ಎಲ್ಲರೂ ಬರ್ತಾರೆ, ಸೋಮವಾರ ಯಾರೂ ಇರಲ್ಲ ಅಂದರು. ಯಾರಿಗಾದರೂ ಹೀಗೆ ಸಹಾಯ ಮಾಡುವ ಮನಸ್ಸಿದ್ದರೆ ನಾನು ಹೇಳುವುದು ಇಷ್ಟೇ, ಏನನ್ನಾದರೂ ಕೊಳ್ಳುವ ಮುಂಚೆ ಅಲ್ಲಿಯವರನ್ನ ಕೇಳಿ. ಸೋಮವಾರ ಹೋಗಿ.

ಆವತ್ತು ರಾತ್ರಿ ಅಮ್ಮನಿಗೆ ಫೋನಲ್ಲಿ ಎಲ್ಲ ಹೇಳಿದೆ. ಅಮ್ಮ ಇರುವುದು ಹಾಸನದಲ್ಲಿ, ಸಂಜೆ ಆರರಿಂದ ಹತ್ತರವರೆಗೆ ಅವಳಿಗೂ ಧಾರಾವಾಹಿಯೇ. "ಕಥೆ ಬರೆಯೋರು ಬೀದಿಗೆ ಬಂದಿದಾರಾ? ಬಿಸಿಲಲ್ಲಿ ನಡೀತಿದಾರಾ? ಅವರಿಗೆ ಸಿಹಿತಿಂಡಿ ಯಾಕೆ ಕೊಟ್ಟೆ? ರಾಮನವಮಿಗೆ ನಾವು ಏನು ಕೊಡ್ತಿದ್ವಿ, ಮರೆತುಬಿಟ್ಯಾ?" ಅಂದಳು.

ಅಲ್ವಾ! ಚಿಕ್ಕವಳಿದ್ದಾಗ ದೇವಸ್ಥಾನದ ಮುಂದೆ ದೊಡ್ಡ ಕೊಳದಪ್ಪಲೆ ಇಟ್ಟುಕೊಂಡು ಹೋಗೋ ಬರೋರಿಗೆಲ್ಲ ಪಾನಕ, ನೀರುಮಜ್ಜಿಗೆ ಕೊಡ್ತಿದ್ವಿ. ಯಾರು ಏನು ಅಂತ ಕೇಳ್ತಿರಲಿಲ್ಲ. ಮಾರನೇ ಭಾನುವಾರ ಆರ್ಟೀಸಿಯಾಗೆ ಹೋಗಿ, ಪಯೋನಿಯರ್ ರಸ್ತೆಯ ಅಂಗಡಿಯಿಂದ ಬೆಲ್ಲ ತಂದೆ. 10 ಲೀಟರ್ ನೀರಿಗೆ ಒಂದೂಕಾಲು ಕೆಜಿ ಬೆಲ್ಲ, 15 ನಿಂಬೆಹಣ್ಣು, ಎರಡು ದೊಡ್ಡ ಚಮಚ ಶುಂಠಿ ಪುಡಿ, ಏಲಕ್ಕಿ, ಸ್ವಲ್ಪ ಕಾಳುಮೆಣಸು, ಒಂದು ಚಿಟಿಕೆ ಉಪ್ಪು. ರಾತ್ರಿಯೇ ಬೆಲ್ಲ ಕರಗಿಸಿ ಸೋಸಿ ಫ್ರಿಜ್ಜಲ್ಲಿಟ್ಟು, ಬೆಳಗ್ಗೆ ನಿಂಬೆರಸ ಹಿಂಡಿ ನಲ್ಲಿ ಇರುವ ಥರ್ಮಸ್ ಡ್ರಮ್ಮಿಗೆ ಐಸ್ ಜೊತೆ ಸುರಿಯುತ್ತಿದ್ದೆ. ಮೇಲೆ ಒಂದು ಚೀಟಿ, ಒಳಗೆ ಏನೇನಿದೆ ಅಂತ. ಅಲರ್ಜಿ ಇರೋರು ಕೇಳ್ತಾರೆ, ಹಾಗಾಗಿ ಚೀಟಿ ಬೇಕೇ ಬೇಕು. ಮೊದಲ ವಾರ ಅನುಮಾನದಿಂದ ಮೂಸಿ ನೋಡಿ ಕುಡಿದರು. ಮೂರನೇ ವಾರಕ್ಕೆ ಡ್ರಮ್ಮು ಕೆಳಗಿಡುವ ಮುಂಚೆ ಸಾಲು ನಿಲ್ಲುತ್ತಿತ್ತು.

ಗಿಲ್ಡ್ ಸದಸ್ಯರಲ್ಲದವರೂ ಜೊತೆಗೆ ನಡೆಯಬಹುದಿತ್ತು. ನಿಯಮ ಜಾಸ್ತಿ ಇಲ್ಲ, ಇರೋದನ್ನ ಪಾಲಿಸಬೇಕು. ಒಂದೇ ಕಡೆ ಗುಂಪು ಕಟ್ಟಿ ನಿಲ್ಲಬಾರದು, ನಡೆಯುತ್ತಿರಬೇಕು, ಹಸಿರು ದೀಪ ಬಂದಾಗ ಮಾತ್ರ ರಸ್ತೆ ದಾಟಬೇಕು, ಒಳಗೆ ಕೆಲಸಕ್ಕೆ ಹೋಗುವವರ ಹತ್ತಿರ ಬಾಯಿ ಮಾಡಬಾರದು. ಹಾರನ್ ಹೊಡೆದು ಹೋಗುವ ಕಾರುಗಳಿಗೆ ಕೈ ಬೀಸಬಹುದು. ಲಾರಿ ಓಡಿಸೋರು ಟೀಮ್‌ಸ್ಟರ್ಸ್ ಯೂನಿಯನ್ನಿನವರು. ಒಂದು ದಿನ ದೊಡ್ಡ ಲಾರಿಯೊಂದು ಗೇಟಿನ ಹತ್ತಿರ ಬಂದು, ಮುಷ್ಕರದ ಸಾಲು ನೋಡಿ, ಅದನ್ನ ದಾಟದೆ, ಹಾರನ್ ಎಳೆದು ಹಾಗೇ ಹಿಂದೆ ಹೋಯಿತು. ಆಗ ಎದ್ದ ಕೇಕೆ ಈಗಲೂ ನನ್ನ ಕಿವಿಯಲ್ಲಿದೆ.

ನನ್ನನ್ನ ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಒಂದೇ, ಆಫೀಸಿನಲ್ಲೂ, ಕನ್ನಡ ಗೆಳತಿಯರ ಮನೆಯಲ್ಲೂ. ಸಿನಿಮಾದೋರಿಗೆ ದುಡ್ಡು ಕಮ್ಮಿನಾ? ಇದಕ್ಕೆ ಉತ್ತರ ಕೊಡೋಕೆ ಬರದಿದ್ದರೆ ಬೆಂಬಲ ಅರ್ಧಕ್ಕೆ ನಿಲ್ಲುತ್ತೆ. ಹಾಗಾಗಿ ಗಿಲ್ಡ್ ಕೊಟ್ಟ ಲೆಕ್ಕ ಓದಿ ನಾಲ್ಕು ಮಾತು ಬಾಯಿಪಾಠ ಮಾಡಿಕೊಂಡೆ. ಹಿಂದೆ ಟಿವಿಯಲ್ಲಿ ಒಂದು ಕಂತು ಮತ್ತೆ ಮತ್ತೆ ಬಂದರೆ ಬರೆದವರಿಗೆ ಪ್ರತಿ ಸಲ ಸ್ವಲ್ಪ ದುಡ್ಡು ಬರುತ್ತಿತ್ತು. ಸ್ಟ್ರೀಮಿಂಗ್‌ನಲ್ಲಿ ಎಷ್ಟು ಜನ ನೋಡಿದರೂ ಸಿಗುವ ದುಡ್ಡು ಜಾಸ್ತಿ ಆಗುತ್ತಿರಲಿಲ್ಲ, ಎಷ್ಟು ಜನ ನೋಡಿದರು ಅಂತಲೂ ಹೇಳುತ್ತಿರಲಿಲ್ಲ. ಹಿಂದೆ 22 ಕಂತಿನ ಕೆಲಸ ಅಂದರೆ ವರ್ಷ ಪೂರ್ತಿ ಸಂಬಳ. ಮುಷ್ಕರದ ಹೊತ್ತಿಗೆ ಎಂಟೋ ಹತ್ತೋ ಕಂತು, ಅದಕ್ಕೂ ಮುಂಚೆ ಮೂರು ನಾಲ್ಕು ಜನರನ್ನ ಕೆಲವೇ ವಾರ ಕೂರಿಸಿ ಬರೆಸಿ ಮನೆಗೆ ಕಳಿಸೋದು. ಇದಕ್ಕೆ ಅವರು ಮಿನಿ ರೂಮ್ ಅಂತಾರೆ. ಅದಕ್ಕೂ ಹತ್ತು ವರ್ಷದ ಹಿಂದೆ ಟಿವಿಗೆ ಬರೆಯುವ ಮೂವರಲ್ಲಿ ಒಬ್ಬರು ಗಿಲ್ಡ್ ಒಪ್ಪಂದದ ಕನಿಷ್ಠ ದರಕ್ಕೆ ದುಡಿಯುತ್ತಿದ್ದರೆ 2023ರ ಹೊತ್ತಿಗೆ ಅರ್ಧದಷ್ಟು ಜನ. ಗಿಲ್ಡ್ ಕೇಳಿದ್ದಕ್ಕೆಲ್ಲ ಸೇರಿ ವರ್ಷಕ್ಕೆ 42.9 ಕೋಟಿ ಡಾಲರ್ ಆಗುತ್ತಿತ್ತು, ಸ್ಟುಡಿಯೋಗಳು ಕೊಡುತ್ತೇವೆ ಅಂದಿದ್ದು 8.6 ಕೋಟಿಯಷ್ಟು. ಇದನ್ನ ಹೇಳಿದರೆ ಜನಕ್ಕೆ ಅರ್ಥ ಆಗುತ್ತಿತ್ತು. ನನ್ನ ಗೆಳತಿಯೊಬ್ಬಳು ಮಾರನೇ ವಾರ ನೀರುಮಜ್ಜಿಗೆ ಮಾಡಿಕೊಂಡು ಬಂದಳು, ಕರಿಬೇವು ಹಾಕಿ.

ಇನ್ನೊಂದು ಮಾತು. ನಾವೆಲ್ಲ ಸ್ಟ್ರೀಮಿಂಗ್ ಚಂದಾ ನಿಲ್ಲಿಸಿಬಿಡೋಣ ಅಂತ ನನ್ನ ಮಗ ಸಿಟ್ಟಿನಲ್ಲಿ ಹೇಳಿದ. ಗಿಲ್ಡ್ ಹಾಗೆ ಕರೆ ಕೊಟ್ಟಿರಲಿಲ್ಲ. ಹೋರಾಟ ಅವರದು, ಯಾವಾಗ ಏನು ಮಾಡಬೇಕು ಅಂತ ಅವರು ಹೇಳಬೇಕು. ಅಭಿಮಾನಿ ಮುಂದೆ ಓಡಿಬಿಟ್ಟರೆ ಉಪಕಾರಕ್ಕಿಂತ ತೊಂದರೆಯೇ ಜಾಸ್ತಿ. ಚಂದಾ ಇಟ್ಟುಕೊಂಡೆವು. ಅಷ್ಟೇ ದುಡ್ಡನ್ನ ತಿಂಗಳು ತಿಂಗಳು ಎಂಟರ್‌ಟೈನ್‌ಮೆಂಟ್ ಕಮ್ಯುನಿಟಿ ಫಂಡ್‌ಗೆ ಕೊಟ್ಟೆವು. ಅದು ಬರಹಗಾರರಿಗೆ ಮಾತ್ರ ಅಲ್ಲ, ಮೇಕಪ್‌ನವರು, ಲೈಟ್‌ನವರು, ಬಟ್ಟೆ ಹೊಲಿಯೋರು, ಕೆಲಸ ನಿಂತು ಬಾಡಿಗೆ ಕಟ್ಟೋಕಾಗದವರಿಗೆಲ್ಲ.

ಈಗ ಹೆಸರಿನ ವಿಷಯಕ್ಕೆ ಬರ್ತೀನಿ. ಮೇ ಕೊನೆಯಲ್ಲಿ ಒಂದು ರಾತ್ರಿ ನನಗೆ ತುಂಬ ಇಷ್ಟವಾದ ಹಳೇ ಕಂತೊಂದನ್ನ ಮತ್ತೆ ನೋಡುತ್ತಿದ್ದೆ. ಇದನ್ನ ಬರೆದವರು ಯಾರು? ಹತ್ತು ಸಲ ನೋಡಿದ್ದೀನಿ, ನಟರ ಹೆಸರು, ಅವರ ನಾಯಿಯ ಹೆಸರು ಕೂಡ ಗೊತ್ತು, ಬರೆದವರ ಹೆಸರು ಗೊತ್ತಿಲ್ಲ. ಕೊನೆಯಲ್ಲಿ ಹೆಸರುಗಳು ಬರುವಷ್ಟರಲ್ಲಿ ಪರದೆ ಚಿಕ್ಕದಾಗಿ ಮೂಲೆಗೆ ಹೋಗುತ್ತೆ, ಮುಂದಿನ ಕಂತು ಅಂತ ಲೆಕ್ಕ ಶುರುವಾಗುತ್ತೆ. ಆವತ್ತಿನಿಂದ ರಿಮೋಟ್ ಕೈಯಲ್ಲಿ ಹಿಡಿದು, ಶುರುವಿನಲ್ಲಿ ಬರೆದವರ ಹೆಸರು ಬಂದ ತಕ್ಷಣ ನಿಲ್ಲಿಸಿ ಬರೆದುಕೊಳ್ಳೋಕೆ ಶುರು ಮಾಡಿದೆ. ಎರಡು ವಾರದಲ್ಲಿ 62 ಹೆಸರು ಆಯಿತು.

ಅವನ್ನ ಒಂದೊಂದು ಹಳದಿ ರಟ್ಟಿನ ತುಂಡಿನ ಮೇಲೆ ದಪ್ಪ ಪೆನ್ನಿನಲ್ಲಿ ಬರೆದೆ. ಮೇಲೆ ಹೆಸರು, ಕೆಳಗೆ ಕಂತಿನ ಹೆಸರು, ಅದರ ಕೆಳಗೆ ಆ ಕಂತು ನನಗೆ ಏನು ಕೊಟ್ಟಿತು ಅಂತ ಒಂದು ಸಾಲು. "ಅಪ್ಪ ತೀರಿಕೊಂಡ ವಾರ ಇದನ್ನ ನೋಡಿದೆ." "ನನ್ನ ಮಗನಿಗೆ ಸಾರಿ ಕೇಳೋದು ಇದರಿಂದ ಬಂತು." ಹಬ್ಬಕ್ಕೆ ಮಾವಿನೆಲೆ ಪೋಣಿಸುವ ಹಾಗೆ ದಾರಕ್ಕೆ ಪೋಣಿಸಿ ತೋರಣ ಮಾಡಿದೆ. ಆಲಿವ್ ಅವೆನ್ಯೂ ಕಡೆಯ ಗೇಟಿನ ಹತ್ತಿರ, ನಾನೂ ಗೆಳತಿಯೂ ಎರಡು ತುದಿ ಹಿಡಿದು ನಡೆಯುತ್ತಿದ್ದೆವು.

ಮೂರನೇ ದಿನ, ಐವತ್ತು ದಾಟಿದ ಒಬ್ಬರು, ತಲೆಗೆ ಹುಲ್ಲಿನ ಟೋಪಿ, ಹೆಗಲ ಮೇಲೆ ಬೋರ್ಡು, ನಮ್ಮ ಎದುರಿಗೆ ಬರುತ್ತಿದ್ದವರು ನಿಂತುಬಿಟ್ಟರು. ಬಗ್ಗಿ ಒಂದು ಚೀಟಿ ಹಿಡಿದು ಓದಿದರು. ಗಾಳಿಗೆ ಅದು ತಿರುಗಿ ತಿರುಗಿ ಹೋಗುತ್ತಿತ್ತು, ಅವರು ಎರಡು ಬೆರಳಲ್ಲಿ ಹಿಡಿದು ಮತ್ತೆ ಓದಿದರು. "ಇದು ನಾನು" ಅಂದರು. ಅವರ ಬೆರಳಿನ ತುದಿಯಲ್ಲಿ ಸಿಪ್ಪೆ ಸುಲಿದ ಕಿತ್ತಳೆಯ ಹಳದಿ ಹತ್ತಿಕೊಂಡಿತ್ತು, ಅದು ಚೀಟಿಗೂ ಅಂಟಿತು. ಆ ಕಂತಿನಲ್ಲಿ ಆಸ್ಪತ್ರೆಯ ಕಾರಿಡಾರಿನಲ್ಲಿ ಇಬ್ಬರು ಅಣ್ಣತಮ್ಮಂದಿರು ಏನೂ ಮಾತಾಡದೆ ಚಿಪ್ಸ್ ತಿನ್ನುವ ದೃಶ್ಯ ಇದೆ. "ಅದು ನನ್ನ ತಮ್ಮನ ನೆನಪಲ್ಲಿ ಬರೆದಿದ್ದು, ತೆಗೆದುಹಾಕಿ ಅಂತ ಹೇಳಿದ್ದರು, ಮೂರು ದಿನ ಜಗಳ ಆಡಿ ಉಳಿಸಿಕೊಂಡೆ" ಅಂದರು. ಹದಿನಾಲ್ಕು ವರ್ಷದಲ್ಲಿ ಪರಿಚಯ ಇಲ್ಲದವರು ಯಾರೂ ಆ ದೃಶ್ಯದ ಬಗ್ಗೆ ತಮ್ಮ ಹತ್ತಿರ ಮಾತಾಡಿರಲಿಲ್ಲವಂತೆ. ನನಗೆ ಏನು ಹೇಳಬೇಕು ಅಂತ ತಿಳಿಯಲಿಲ್ಲ. ಪಾನಕ ಕೊಟ್ಟೆ. ಆ ಚೀಟಿ ಬಿಚ್ಚಿ ಕೊಡಲಾ ಅಂದರೆ ಬೇಡ, ಅಲ್ಲೇ ಇರಲಿ ಅಂದರು.

ಆಮೇಲೆ ಬೇರೆ ಅಭಿಮಾನಿಗಳೂ ಚೀಟಿ ತಂದು ಕೊಟ್ಟರು. ಜೂನ್ 14ರಂದು ಬೇರೆ ಬೇರೆ ದೇಶಗಳ ಚಿತ್ರಕಥೆಗಾರರು ಬೆಂಬಲದ ದಿನ ಆಚರಿಸಿದರಲ್ಲ, ಆವತ್ತು ತೋರಣ ಎರಡು ದಾರ ಆಗಿತ್ತು. ಜುಲೈ 14ಕ್ಕೆ ನಟರೂ ಮುಷ್ಕರಕ್ಕೆ ಇಳಿದರು. 1960ರ ನಂತರ ಇಬ್ಬರೂ ಒಟ್ಟಿಗೆ ನಿಂತಿದ್ದು ಇದೇ ಮೊದಲು. ಜನ ಕಿಕ್ಕಿರಿದು, 10 ಲೀಟರ್ ಪಾನಕ ಅರ್ಧ ಗಂಟೆಯಲ್ಲಿ ಖಾಲಿ.

ಕಷ್ಟದ ತಿಂಗಳು ಅಂದರೆ ಆಗಸ್ಟ್. ಸುದ್ದಿಯ ಕ್ಯಾಮೆರಾದವರು ಕಮ್ಮಿಯಾದರು, ಬಿಸಿಲು ಜಾಸ್ತಿಯಾಯಿತು, ದುಡ್ಡು ಮುಗಿದವರು ಊರು ಬಿಡುವ ಮಾತಾಡುತ್ತಿದ್ದರು. ಟೋಪಿಯವರು ಮಗಳ ಪಿಯಾನೋ ಪಾಠ ನಿಲ್ಲಿಸಿದ್ದನ್ನ ಒಂದು ಸಲ ಮೆಲ್ಲಗೆ ಹೇಳಿದರು. ಆಗಸ್ಟ್ 20ರ ಭಾನುವಾರ ಹಿಲರಿ ಚಂಡಮಾರುತದ ಮಳೆ ಸುರಿಯಿತು, ತೋರಣ ಮನೆಯಲ್ಲಿತ್ತು ಅಂತ ಉಳಿಯಿತು. ಆ ವಾರಗಳಲ್ಲಿ ನಾನು ಡ್ರಮ್ಮಿನ ಜೊತೆ ಅಕ್ಕಿ, ಬೇಳೆ, ಪಾಸ್ತಾ ಪೊಟ್ಟಣ ಕಟ್ಟಿ ಕಾರಿನ ಡಿಕ್ಕಿಯಲ್ಲಿ ಇಟ್ಟಿರುತ್ತಿದ್ದೆ. ಯಾರಿಗೂ ಕೈಗೆ ಕೊಡುತ್ತಿರಲಿಲ್ಲ. ಡಿಕ್ಕಿ ತೆಗೆದಿಟ್ಟು, ಬೇಕಾದವರು ತಗೊಳ್ಳಿ ಅಂತ ಉಸ್ತುವಾರಿಯವರಿಗೆ ಹೇಳಿ ಆ ಕಡೆ ಹೋಗಿಬಿಡುತ್ತಿದ್ದೆ. ಕೇಳಿ ತಗೊಳ್ಳೋದು ಯಾರಿಗಾದರೂ ಕಷ್ಟ.

ಸೆಪ್ಟೆಂಬರ್ 24ರ ರಾತ್ರಿ ಒಪ್ಪಂದದ ಸುದ್ದಿ ಬಂತು, 27ಕ್ಕೆ ಮುಷ್ಕರ ಮುಗಿಯಿತು. 148 ದಿನ. ತುಂಬ ಜನ ನೋಡಿದ ಸ್ಟ್ರೀಮಿಂಗ್ ಧಾರಾವಾಹಿಗೆ ಬೋನಸ್, ಒಂದು ಧಾರಾವಾಹಿಗೆ ಕನಿಷ್ಠ ಇಷ್ಟು ಬರಹಗಾರರು ಇರಲೇಬೇಕು ಅನ್ನುವ ನಿಯಮ, ಎಐ ಬರೆದದ್ದನ್ನ ಬರಹಗಾರರ ಕೆಲಸ ಅಂತ ಲೆಕ್ಕಕ್ಕೆ ತಗೊಳ್ಳುವಂತಿಲ್ಲ ಅನ್ನುವ ಮಾತು, ಎಲ್ಲ ಸಿಕ್ಕಿತು. ಸದಸ್ಯರಲ್ಲಿ ಮತ ಹಾಕಿದ ನೂರಕ್ಕೆ 99 ಜನ ಒಪ್ಪಿದರು. ನಾನು ಅಮ್ಮನಿಗೆ ಫೋನ್ ಮಾಡಿ ಅತ್ತುಬಿಟ್ಟೆ.

ನಟರದ್ದು ಇನ್ನೂ ಮುಗಿದಿರಲಿಲ್ಲ, ನವೆಂಬರ್ 9ರವರೆಗೆ ನಡೆಯಿತು. ಅಕ್ಟೋಬರ್ ಮೊದಲ ವಾರ ಡ್ರಮ್ಮು ಎತ್ತಿಕೊಂಡು ಮತ್ತೆ ಗೇಟಿಗೆ ಹೋದೆ. ಬರಹಗಾರರು ಯಾರೂ ಬರಲ್ಲ, ಅವರಿಗೆಲ್ಲ ಈಗ ಕೆಲಸ ಶುರು ಅಂದುಕೊಂಡಿದ್ದೆ. ನೋಡಿದರೆ ಆ ಹುಲ್ಲಿನ ಟೋಪಿಯವರು ನಟರ ಬೋರ್ಡು ಹೊತ್ತುಕೊಂಡು ನಡೆಯುತ್ತಿದ್ದರು, ನಮ್ಮ ಕೆಲಸಕ್ಕೆ ಅವರು ಬಂದಿದ್ದರಲ್ಲ ಅಂದರು. ಲೋಟ ಮುಂದೆ ಹಿಡಿದು, "ಇವತ್ತು ಚಳಿ ಇದೆ, ಶುಂಠಿ ಸ್ವಲ್ಪ ಜಾಸ್ತಿ ಹಾಕಿದ್ದೀರಾ?" ಅಂತ ಕೇಳಿದರು. ಹಾಕಿದ್ದೆ.